ಮೋಟು ಕಾಯುವವರು



ಜಪಾನಿ ಭಾಷೆಯಲ್ಲೊಂದು ಮಾತಿದೆ, 'ಕುಯಿಝೆ ಒ ಮಮೊರು'. ಮರದ ಮೋಟು ಕಾಯೋದು ಅಂತ ಅರ್ಥ. ಕತೆ ಮೂಲದಲ್ಲಿ ಚೀನಾದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು. ರೈತನೊಬ್ಬ ಉಳುತ್ತಿದ್ದಾಗ ಓಡಿಬಂದ ಮೊಲ ಹೊಲದ ಮೋಟಿಗೆ ಬಡಿದು ಕತ್ತು ಮುರಿದು ಸತ್ತಿತು. ಅವತ್ತಿಂದ ಅವನು ನೇಗಿಲು ಬಿಸಾಕಿ, ಇನ್ನೊಂದು ಮೊಲ ಬರುತ್ತೇಂತ ಮೋಟಿನ ಪಕ್ಕ ಕೂತ. ಬರಲಿಲ್ಲ. ಹಳೇದಕ್ಕೇ ಜೋತುಬಿದ್ದವರಿಗೆ ಈ ಮಾತು. ನಮ್ಮಲ್ಲಿ ಅಪ್ಪ ನೆಟ್ಟ ಆಲದಮರಕ್ಕೆ ನೇಣು ಹಾಕ್ಕೊಂಡ ಅಂತೀವಲ್ಲ, ಹಾಗೆ.

ಈ ಮೋಟು ಕಾಯುವವರನ್ನು ನಾವು ಜಯನಗರದಲ್ಲಿ ನೋಡಿದ್ದೇವೆ. ಹಾಸ್ಟೆಲು ಬಿಟ್ಟ ಮೇಲೆ ರೂಮು ಹುಡುಕುತ್ತ ಬನಶಂಕರಿ, ಜೆ.ಪಿ. ನಗರ ಸುತ್ತಿದವರಿಗೆಲ್ಲ ಗೊತ್ತು. ಗೇಟಿಗೆ 'ಮನೆ ಬಾಡಿಗೆಗಿದೆ' ಬೋರ್ಡು. ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ'. ಅದಿಲ್ಲದಿದ್ದರೆ ವಿಚಾರಣೆ. "ಯಾವೂರಪ್ಪಾ? ಅಪ್ಪ ಏನ್ ಮಾಡ್ತಾರೆ? ಮನೆದೇವ್ರು ಯಾವ್ದು?" ಜಾತಿ ಅನ್ನೋ ಪದ ಬಾಯಿಂದ ಉದುರೋದೇ ಇಲ್ಲ. ಉತ್ತರ ಸಿಕ್ಕ ಮೇಲೆ, "ಈಗಷ್ಟೇ ಯಾರೋ ಅಡ್ವಾನ್ಸ್ ಕೊಟ್ಟೋದ್ರು." ಬೋರ್ಡು ಮಾರನೇ ದಿನವೂ ಅಲ್ಲೇ ನೇತಾಡುತ್ತಿರುತ್ತದೆ.

ಇದೇನು ಪುರಾತನ ಅಗ್ರಹಾರವೆ? 1948ರಲ್ಲಿ ನಕ್ಷೆ ಬರೆದು, ಬ್ಲಾಕು, ಮೇನು, ಕ್ರಾಸು ಅಂತ ಕಟ್ಟತೊಡಗಿದ ಬಡಾವಣೆ. ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ಚಿಕ್ಕದು. ಬಾವಿ ಹೋಗಿ ನಲ್ಲಿ ಬಂತು, ಹೆಂಚು ಹೋಗಿ ಮೂರಂತಸ್ತು ಬಂತು, ಮಗ ಅಮೆರಿಕಕ್ಕೆ ಹೋದ, ಬಾಡಿಗೆ ದುಡ್ಡು ಫೋನಿಗೇ ಬರುತ್ತದೆ. ಇಷ್ಟೆಲ್ಲ ಬದಲಾಯಿಸಿಕೊಂಡವರಿಗೆ ಇದೊಂದು ಪ್ರಶ್ನೆ ಬಿಡೋಕಾಗಲಿಲ್ಲ ಅಂದರೆ ಅದನ್ನು ನಾವು ದಡ್ಡತನ ಅಂತ ನಂಬಬೇಕೆ? ಮೋಟು ಕಾದ ರೈತನ ಹೊಲ ಬೀಳುಬಿತ್ತು, ಹಸಿದವನು ಅವನೇ. ಇಲ್ಲಿ ಕಾಯುವವರು ಅವರು, ಬ್ಯಾಗು ಹೊತ್ತು ಬೀದಿಯಲ್ಲಿ ನಿಂತವರು ನಾವು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹೇಳುತ್ತದೆ. ಬಾಡಿಗೆ ಮನೆಯ ಹೆಸರು ಅದರಲ್ಲಿಲ್ಲ. ಆ ಸಂದಿಯಲ್ಲೇ ಇವರು ನುಸುಳುತ್ತಾರೆ.

ಮೋಟಿನ ಮಾತಾಡುವ ಜಪಾನೂ ತನ್ನ ಮೋಟು ಬಿಟ್ಟಿರಲಿಲ್ಲ. ಸತ್ತ ದನದ ಕೆಲಸ, ಚರ್ಮದ ಕೆಲಸ ಮಾಡುತ್ತಿದ್ದ ಬುರಾಕು ಜನರನ್ನು ಅಲ್ಲಿ ಊರಿಂದಾಚೆ ಇಟ್ಟಿದ್ದರು. 1871ರಲ್ಲಿ ಸರ್ಕಾರದ ಆಜ್ಞೆಯೇ ಆ ಕೀಳು ಹೆಸರುಗಳನ್ನು ತೆಗೆದುಹಾಕಿತು. ಆದರೆ 1975ರಲ್ಲಿ ಏನು ಬಯಲಾಯಿತು ಗೊತ್ತೆ? ಬುರಾಕು ಕೇರಿಗಳ ಪಟ್ಟಿ ಪುಸ್ತಕವಾಗಿ ಗುಟ್ಟಾಗಿ ಮಾರಾಟವಾಗಿತ್ತು. ದೊಡ್ಡ ದೊಡ್ಡ ಕಂಪನಿಗಳೇ ಕೊಂಡಿದ್ದವು, ಕೆಲಸ ಕೇಳಿ ಬಂದವನ ಊರು ತಾಳೆ ನೋಡೋಕೆ. ಅಲ್ಲೂ ಅದೇ "ಯಾವೂರು?"

ಆ ಜನ ಸುಮ್ಮನೆ ಕೂರಲಿಲ್ಲ. 1922ರಲ್ಲೇ ಕ್ಯೋಟೋದಲ್ಲಿ ಸುಯಿಹೇಯ್‌ಶಾ ಎಂಬ ಸಂಘ ಕಟ್ಟಿದ್ದರು. ಹೀನಾಯವಾಗಿ ಕಂಡವರನ್ನು ಎದುರಿಗೆ ನಿಲ್ಲಿಸಿ ಪ್ರಶ್ನೆ ಮಾಡೋದು ಅವರ ಹೋರಾಟದ ರೀತಿ.

ನಾವು ಇನ್ನು ರೂಮು ಕೇಳೋಕೆ ಒಬ್ಬೊಬ್ಬರೇ ಹೋಗೋದು ಬೇಡ. ಇಬ್ಬಿಬ್ಬರು ಹೋಗೋಣ. "ಮನೆದೇವ್ರು ಯಾಕೆ ಕೇಳಿದ್ರಿ ಸಾರ್?" ಅಂತ ತಿರುಗಿ ಕೇಳೋಣ. ಅವರಂದ ಮಾತನ್ನು ಅಂದ ಹಾಗೇ, ತಾರೀಕು, ಕ್ರಾಸು ಸಮೇತ ಬರೆದಿಟ್ಟುಕೊಳ್ಳೋಣ.