ಪರೀಕ್ಷಾ ಪ್ಯಾಕೆಟ್ಟು ಮತ್ತು ಕನ್ನಡ ಪಾಠ



ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಈ ವಿಧಿ ಸೇರಿದಾಗ ಸೌಲಭ್ಯವೆಂದರೆ ಶಿಕ್ಷಕ, ಕೊಠಡಿ, ಪುಸ್ತಕ. ಇಂದು ಆ ಸಾಲಿಗೆ ಅಂತರ್ಜಾಲವೂ ಸೇರಿದೆ. ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ಗಡಿಭಾಗದ ಶಾಲೆಯಲ್ಲಿ ಕನ್ನಡದ ದೃಶ್ಯಪಾಠ ಅರ್ಧಕ್ಕೆ ನಿಂತರೆ, ಬದಲಿ ಸಾಮಗ್ರಿ ಸುಲಭವಾಗಿ ಕೈಗೆಟುಕದು. ಆದ್ದರಿಂದ ‘ನೆಟ್ ಇಲ್ಲ’ ಎಂಬ ಮಾತಿಗೆ ನಿಲ್ಲದೆ, ದೋಷ ಎಲ್ಲಿದೆಯೆಂದು ಶಿಕ್ಷಕರೇ ಅಳೆಯಬಲ್ಲವರಾಗಬೇಕು.

ಅಳೆಯುವ ಸಾಧನ ಪಿಂಗ್. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಬರೆದ ಈ ಪುಟ್ಟ ತಂತ್ರಾಂಶಕ್ಕೆ, ನೀರೊಳಗೆ ಧ್ವನಿ ಹಾಯಿಸಿ ಮಾರ್ದನಿಯಿಂದ ದೂರವರಿಯುವ ಸೋನಾರಿನ ಸದ್ದೇ ಹೆಸರಾಯಿತು. ಅದು ಪರೀಕ್ಷಾ ಪ್ಯಾಕೆಟ್ಟನ್ನು ಕಳುಹಿಸಿ, ಉತ್ತರ ಮರಳಲು ಹಿಡಿದ ಸಮಯವನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಕಂಪ್ಯೂಟರಿನಲ್ಲಷ್ಟೇ ಅಲ್ಲ, ಅನೇಕ ವೈಫೈ ರೌಟರುಗಳ ತಪಾಸಣಾ ಪುಟದಲ್ಲೂ ಇದು ದೊರೆಯುತ್ತದೆ.

ಹೊಂದಿಸಬೇಕಾದವು ನಾಲ್ಕು: ಸಂಖ್ಯೆ, ಗಾತ್ರ, ಅಂತರ, ಕಾಯುವ ಅವಧಿ. ವಿಂಡೋಸ್ ತಾನಾಗಿ ಕಳುಹಿಸುವುದು 32 ಬೈಟಿನ 4 ಪ್ಯಾಕೆಟ್ಟು ಮಾತ್ರ. ನಾಲ್ಕರಲ್ಲಿ ಒಂದು ಕಳೆದರೆ ನಷ್ಟ ಶೇಕಡಾ 25; ಆಕಸ್ಮಿಕವೂ ದೊಡ್ಡ ರೋಗದಂತೆ ಕಾಣುತ್ತದೆ. ನೂರು ಕಳುಹಿಸಿದರೆ ಚಿತ್ರ ನಂಬುವಂತಿರುತ್ತದೆ. ಸಣ್ಣ ಪ್ಯಾಕೆಟ್ಟು ನುಸುಳುವ ದಾರಿಯಲ್ಲಿ ದೊಡ್ಡದು ಎಡವಬಹುದು. ಆದಕಾರಣ 1,472 ಬೈಟಿನಿಂದಲೂ ಪರೀಕ್ಷಿಸಬೇಕು. ಅದಕ್ಕೆ 28 ಬೈಟಿನ ಶಿರೋಭಾಗ ಸೇರಿದರೆ ಜಾಲದ ಸಾಮಾನ್ಯ ಮಿತಿಯಾದ 1,500 ತುಂಬುತ್ತದೆ. ಪ್ಯಾಕೆಟ್ಟುಗಳ ನಡುವೆ ಒಂದು ಸೆಕೆಂಡಿನ ಅಂತರವಿರಲಿ. ಎಡೆಬಿಡದೆ ಕಳುಹಿಸಿದರೆ ಪರೀಕ್ಷೆಯೇ ಜಾಲಕ್ಕೆ ಹೊರೆಯಾದೀತು. ಕಾಯುವ ಅವಧಿ ತೀರಾ ಕಿರಿದಾದರೆ ತಡವಾಗಿ ಬಂದ ಉತ್ತರವೂ ನಷ್ಟದ ಲೆಕ್ಕಕ್ಕೆ ಸೇರುತ್ತದೆ.

ಪರೀಕ್ಷೆಗೆ ಕ್ರಮವಿದೆ. ಮೊದಲು ತರಗತಿಯ ಕಂಪ್ಯೂಟರಿನಿಂದ ಶಾಲೆಯ ರೌಟರಿಗೆ ಪಿಂಗ್ ಮಾಡಬೇಕು. ಇಲ್ಲೇ ನಷ್ಟವಾದರೆ ದೋಷ ಶಾಲೆಯೊಳಗಿನದು: ದೂರ, ದಪ್ಪ ಗೋಡೆ, ಇಲ್ಲವೇ 2.4 ಗಿಗಾಹರ್ಟ್ಸ್ ಪಟ್ಟಿಯ ದಟ್ಟಣೆ. 5 ಗಿಗಾಹರ್ಟ್ಸ್ ವೇಗ ಕೊಟ್ಟರೂ ಗೋಡೆ ದಾಟುವಲ್ಲಿ ದುರ್ಬಲ. ರೌಟರನ್ನು ತರಗತಿಯ ಹತ್ತಿರಕ್ಕೆ ಸರಿಸುವುದೇ ಎಷ್ಟೋ ವೇಳೆ ಸಾಕಾಗುತ್ತದೆ. ರೌಟರಿನವರೆಗೆ ಸರಿಯಿದ್ದು ಹೊರಗಿನ ವಿಳಾಸಕ್ಕೆ ನಷ್ಟವಾದರೆ, ಸೇವೆ ಒದಗಿಸುವವರ ಮಾರ್ಗವನ್ನು ಶಂಕಿಸಬೇಕು. ಕೆಲವು ಸರ್ವರುಗಳು ಪಿಂಗಿಗೆ ಉತ್ತರಿಸುವುದೇ ಇಲ್ಲವಾದ್ದರಿಂದ, ಒಂದೇ ವಿಳಾಸದ ಮೌನ ಪುರಾವೆಯಲ್ಲ. ಎರಡು ಮೂರನ್ನು ಪರೀಕ್ಷಿಸಬೇಕು.

ಫಲಿತಾಂಶವನ್ನು ದಿನಾಂಕ, ವೇಳೆ, ಸ್ಥಳ, ಶೇಕಡಾ ನಷ್ಟದೊಡನೆ ವಾರಕಾಲ ದಾಖಲಿಸಿದರೆ ಮನವಿಗೆ ಆಧಾರ ಸಿಗುತ್ತದೆ. ‘ಸಂಪರ್ಕ ಸರಿಯಿಲ್ಲ’ ಎಂಬ ದೂರನ್ನು ಬದಿಗಿಡುವುದು ಸುಲಭ. ಏಳು ದಿನಗಳ ಅಂಕಿಗಳನ್ನು ಹಾಗೆ ಬದಿಗಿಡಲಾಗದು. ಶೇಕಡಾವಾರು, ಸರಾಸರಿಗಳ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಗಣಿತದ ಪಾಠವೂ ಕನ್ನಡದಲ್ಲೇ ನಡೆದಂತಾಗುತ್ತದೆ.