ರಿಜೆಕ್ಟು ಯಾರ ತಲೆಗೆ?

(ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಹೊಸೂರು ಸೀಮೆಯಲ್ಲಿ ಫ್ಯಾಕ್ಟರಿಗೆ ಹೋಗುವವರೇ ಇಲ್ಲದ ಬೀದಿ ಸಿಗೋದು ಕಷ್ಟ. ಶಿಫ್ಟ್ ಮುಗಿಸಿ ಬರುವ ಹುಡುಗರ ಬಾಯಲ್ಲಿ ಒಂದು ಮಾತು ಕೇಳ್ತಾನೇ ಇರ್ತೀನಿ: "ಇವತ್ತು ಹನ್ನೆರಡು ಪೀಸು ರಿಜೆಕ್ಟ್ ಆಯ್ತಣ್ಣಾ, ಚೆನ್ನಾಗಿ ಬೈಸ್ಕೊಂಡೆ." ಕೆಲವರಿಗೆ ಅದು ಬೈಗುಳದಲ್ಲೇ ಮುಗಿಯುತ್ತೆ. ಕಾಂಟ್ರಾಕ್ಟ್ ಹುಡುಗನಾದರೆ ನಾಳೆಯಿಂದ ಬರಬೇಡ ಅಂದುಬಿಡಬಹುದು. ಹಾಗಾಗಿ ಗುಣಮಟ್ಟ ಅನ್ನೋದು ಕಂಪನಿಯವರ ತಲೆನೋವು, ನಮಗ್ಯಾಕೆ ಅಂತ ಕೂರೋಕಾಗಲ್ಲ. ಅದರ ಲೆಕ್ಕ ಕೊನೆಗೆ ಬಂದು ನಿಲ್ಲೋದು ನಮ್ಮ ಕೂಲಿಯ ಮೇಲೆ.

ಎಡ್ವರ್ಡ್ಸ್ ಡೆಮಿಂಗ್ ಅಂತ ಅಮೆರಿಕದ ಒಬ್ಬ ಸಂಖ್ಯಾಶಾಸ್ತ್ರಜ್ಞರಿದ್ದರು. ಯುದ್ಧದಲ್ಲಿ ನೆಲಕಚ್ಚಿದ್ದ ಜಪಾನಿಗೆ 1950ರಲ್ಲಿ ಹೋಗಿ ಅಲ್ಲಿನ ಇಂಜಿನಿಯರುಗಳಿಗೂ ಕಂಪನಿ ಯಜಮಾನರಿಗೂ ಪಾಠ ಹೇಳಿದರು. ಮರುವರ್ಷವೇ ಜಪಾನಿನವರು ಅವರ ಹೆಸರಲ್ಲಿ ಒಂದು ಪ್ರಶಸ್ತಿ ಇಟ್ಟರು. 2002ರಲ್ಲಿ ಅದು ನಮ್ಮ ಹೊಸೂರಿನ ಟಿವಿಎಸ್ ಮೋಟರ್‌ಗೂ ಬಂತು.

ಈ ಡೆಮಿಂಗ್ ತಮ್ಮ ಪಾಠಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ಒಂದು ಪೆಟ್ಟಿಗೆ ತುಂಬ ಮಣಿಗಳು: 3200 ಬಿಳಿ, 800 ಕೆಂಪು. ಕೇಳೋಕೆ ಬಂದವರಲ್ಲೇ ಕೆಲವರನ್ನು ಎಬ್ಬಿಸಿ, ನೀವೇ ಕೆಲಸಗಾರರು ಅನ್ನೋರು. ಕೈಗೆ 50 ಗುಳಿ ಇರುವ ಒಂದು ಹಲಗೆ. ಮಣಿಯೊಳಗೆ ಅದ್ದಿ ಎತ್ತಬೇಕು, ಅಷ್ಟೇ ಕೆಲಸ. ಬಿಳಿ ಬಂದರೆ ಒಳ್ಳೆ ಮಾಲು, ಕೆಂಪು ಬಂದರೆ ರಿಜೆಕ್ಟು. ಒಬ್ಬನಿಗೆ ಆರು ಕೆಂಪು ಬರುತ್ತೆ, ಇನ್ನೊಬ್ಬನಿಗೆ ಹದಿನಾಲ್ಕು. ಡೆಮಿಂಗ್ ಮೇಸ್ತ್ರಿ ವೇಷದಲ್ಲಿ ಆರು ಬಂದವನ ಬೆನ್ನು ತಟ್ಟೋರು, ಹದಿನಾಲ್ಕು ಬಂದವನನ್ನು ಗದರಿಸೋರು. ಮುಂದಿನ ಸುತ್ತಿಗೆ ಆ ಜಾಣನಿಗೇ ಹದಿಮೂರು ಬಂದುಬಿಡೋದು! ಕೊನೆಗೆ ಜಾಸ್ತಿ ಕೆಂಪು ತೆಗೆದವರನ್ನು ಕೆಲಸದಿಂದಲೇ ತೆಗೆಯೋರು.

ಜನ ನಗ್ತಾ ಇದ್ದರಂತೆ. ನೀವೂ ನಗ್ತಿದ್ದೀರಿ. ಆದರೆ ಯೋಚಿಸಿ, ಪೆಟ್ಟಿಗೆಗೆ ಕೆಂಪು ಮಣಿ ತುಂಬಿದವರು ಯಾರು? ಕಡಿಮೆ ರೇಟಿಗೆ ಸಿಕ್ಕಿತು ಅಂತ ಕಬ್ಬಿಣ ತಂದವರು, ಸವೆದ ಟೂಲು ಬದಲಾಯಿಸದವರು, ಎರಡು ದಿನವೂ ಕಲಿಸದೆ ಹುಡುಗನನ್ನು ಮೆಷಿನ್ ಮುಂದೆ ನಿಲ್ಲಿಸಿದವರು. ನೂರರಲ್ಲಿ 94 ತೊಂದರೆ ವ್ಯವಸ್ಥೆಯದೇ ಅನ್ನೋದು ಡೆಮಿಂಗ್ ಅಂದಾಜು. ಗೋಡೆಗೆ ಘೋಷಣೆ ಬರೆಸಿದರೆ ಕೆಂಪು ಮಣಿ ಬಿಳಿಯಾಗಲ್ಲ.

ಹಾಗಾದರೆ ಕೆಲಸಗಾರ ತಪ್ಪೇ ಮಾಡಲ್ಲವಾ ಅಂತ ಹಿಂದೆ ಕೂತಿರುವ ಯಜಮಾನರು ಕೇಳ್ತಿದ್ದಾರೆ. ಮಾಡ್ತಾನೆ. ಆದರೆ ಯಾವುದು ದಿನನಿತ್ಯದ ಏರುಪೇರು, ಯಾವುದು ಹೊಸದಾಗಿ ಕೆಟ್ಟದ್ದು ಅಂತ ಬೇರೆ ಮಾಡಿ ನೋಡೋಕೆ ದಾರಿ ಇದೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲೇ ಅದಕ್ಕೊಂದು ಚಾರ್ಟ್ ಮಾಡಿಕೊಟ್ಟರು. 20 ಮಿಲಿಮೀಟರ್ ದಪ್ಪದ ಒಂದು ಪಿನ್ ಅಂತ ಇಟ್ಕೊಳ್ಳಿ. ಗಂಟೆಗೊಮ್ಮೆ ಐದು ಪೀಸು ಅಳೆದು, ಸರಾಸರಿ ತೆಗೆದು, ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕಿ ಇಡೋದು. ಆ ಚುಕ್ಕಿಗಳ ಲೆಕ್ಕದಿಂದಲೇ ಮೇಲೊಂದು, ಕೆಳಗೊಂದು ಗೆರೆ ಬರುತ್ತೆ. ಡ್ರಾಯಿಂಗಿನಲ್ಲಿ ಕೊಟ್ಟಿರುವ ಮಿತಿ ಬೇರೆ, ಈ ಗೆರೆ ಬೇರೆ. ತುಂಬ ಜನ ಇವೆರಡನ್ನೂ ಒಂದೇ ಅಂದುಕೊಳ್ತಾರೆ. ಚುಕ್ಕಿಗಳು ಗೆರೆಯೊಳಗೇ ಹಿಂದೆಮುಂದೆ ಆಡ್ತಿದ್ದರೆ ಅದು ಆ ಮೆಷಿನ್ ಗುಣ. ಪ್ರತಿ ಪೀಸಿಗೂ ಸೆಟ್ಟಿಂಗ್ ತಿರುಗಿಸ್ತಾ ಹೋದರೆ ಏರುಪೇರು ಇನ್ನೂ ಜಾಸ್ತಿ ಆಗುತ್ತೆ. ಗೆರೆ ದಾಟಿದರೆ ಆಗ ನಿಲ್ಲಿಸಿ ಹುಡುಕಬೇಕು: ಟೂಲು ಮುರಿದಿದೆಯಾ, ಹೊಸ ಲಾಟ್ ಕಬ್ಬಿಣ ಬಂತಾ, ಹೊಸಬ ನಿಂತಿದ್ದಾನಾ?

ಗೇಟಿನ ಮೇಲೆ ಐಎಸ್‌ಒ 9001 ಬೋರ್ಡ್ ನೋಡಿರ್ತೀರಿ. ಅಲ್ಲಿನ ಮಾಲೆಲ್ಲ ಚೊಕ್ಕಟ ಅಂತ ಅದರ ಅರ್ಥ ಅಲ್ಲ. ಕೆಲಸದ ಕ್ರಮ ಇಂಥದ್ದು ಅಂತ ಗೊತ್ತುಮಾಡಿಕೊಂಡಿದ್ದಾರೆ, ಅದರಂತೆ ನಡೀತಿದೆಯೇ ಅಂತ ಹೊರಗಿನವರು ಬಂದು ನೋಡಿದ್ದಾರೆ, ಅಷ್ಟೇ. ಕಲಿಸಬೇಕಾದ್ದನ್ನು ಕಲಿಸೋದು, ಅಳತೆಯ ಸಾಧನ ಸರಿಯಾಗಿಡೋದು ಎಲ್ಲ ಆ ಕ್ರಮದಲ್ಲೇ ಬರುತ್ತೆ. ನಿಮ್ಮ ಮೈಕ್ರೋಮೀಟರ್ ಮೇಲೆ ಕೊನೆಯ ತಪಾಸಣೆಯ ತಾರೀಖು ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ ಮರ್ಯಾದೆಯಿಂದಲೇ ಕೇಳಿ.

ಜೇಬಲ್ಲೊಂದು ಸಣ್ಣ ಪುಸ್ತಕ ಇಟ್ಕೊಳ್ಳಿ. ಎಷ್ಟು ಗಂಟೆಗೆ ಟೂಲು ಬದಲಾಯಿಸಿದರು, ಯಾವಾಗ ಹೊಸ ಲಾಟ್ ಬಂತು, ಅದಾದ ಮೇಲೆ ಎಷ್ಟು ರಿಜೆಕ್ಟು, ಬರೆದಿಡಿ. "ನಂದಲ್ಲ ತಪ್ಪು ಸಾರ್" ಅಂದರೆ ಯಾರೂ ಕೇಳಲ್ಲ. "ಎರಡೂವರೆಗೆ ಹೊಸ ಲಾಟ್ ಬಂತು ಸಾರ್, ಅಲ್ಲಿವರೆಗೆ ಒಂದೂ ಇರಲಿಲ್ಲ" ಅಂದರೆ ಒಳ್ಳೆ ಸೂಪರ್‌ವೈಸರ್ ಆದವನು ನಿಂತು ನೋಡ್ತಾನೆ.

ಚಾರ್ಟ್ ಹಾಕೋದು ಕಲೀಬೇಕು ಅನ್ನೋರು, ಐಟಿಐ ಓದ್ತಿರೋ ತಂಗಿಯರೂ ಸೇರಿ, ಬರೋ ಭಾನುವಾರ ಬೆಳಿಗ್ಗೆ ಸಂಘದ ಕೋಣೆಗೆ ಬನ್ನಿ. ಗ್ರಾಫ್ ಹಾಳೆ ನಾನು ತರ್ತೀನಿ. ಪೆನ್ಸಿಲು, ಸ್ಕೇಲು ನೀವು ತನ್ನಿ.