ಅರೇಹಳ್ಳಿ ಹುಡುಗಿ ಸ್ಪೈ ಆದ್ರೆ?

ಗೂಢಚಾರ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಬರೋದು ಯಾರು? ಕೋಟು, ಕೂಲಿಂಗ್ ಗ್ಲಾಸು, ಕೈಯಲ್ಲಿ ಪಿಸ್ತೂಲು. ಅಲ್ವಾ? ಸ್ವಾಮಿ, ಅಂಥವನನ್ನ ಬೇಲೂರು ಬಸ್‌ಸ್ಟ್ಯಾಂಡಲ್ಲಿ ಐದೇ ನಿಮಿಷದಲ್ಲಿ ಪತ್ತೆ ಹಚ್ಚಿಬಿಡ್ತಾರೆ! ಅದೇ ಅರೇಹಳ್ಳಿಯ ಕಾಫಿ ಕಣದಲ್ಲಿ ಲೆಕ್ಕ ಬರೆಯೋ ಹುಡುಗಿಯನ್ನ ಯಾರು ಅನುಮಾನಿಸ್ತಾರೆ ಹೇಳಿ?

ಸುಮ್ಮನೆ ಹೇಳ್ತಿಲ್ಲ. ನೂರ್ ಇನಾಯತ್ ಖಾನ್ ನಮ್ಮ ಟಿಪ್ಪು ಸುಲ್ತಾನನ ವಂಶದವಳು. ಮಕ್ಕಳ ಕಥೆ ಬರೀತಿದ್ದ ಮೆಲುಮಾತಿನ ಹೆಣ್ಣುಮಗಳು. ಈಕೆ ಕೈಲಿ ಆಗುತ್ತಾ ಅಂತ ತರಬೇತಿ ಕೊಟ್ಟವರಿಗೇ ಅನುಮಾನವಿತ್ತು. 1943ರ ಜೂನ್‌ನಲ್ಲಿ ಬ್ರಿಟಿಷರ ವೈರ್‌ಲೆಸ್ ಆಪರೇಟರ್ ಆಗಿ ಹಿಟ್ಲರನ ಹಿಡಿತದಲ್ಲಿದ್ದ ಫ್ರಾನ್ಸ್‌ಗೆ ಇಳಿದಳು. ಜೊತೆಗಾರರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಅಂದ್ರೂ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ಜಾಗ ಬದಲಿಸುತ್ತಾ ಸಂದೇಶ ಕಳಿಸುತ್ತಲೇ ಇದ್ದಳು. ಕೊನೆಗೆ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್‌ನಲ್ಲಿ ಡಖಾವ್ ಶಿಬಿರದಲ್ಲಿ ಕೊಂದರು. ಆಗ ಆಕೆಗೆ ಬರೀ 30 ವರ್ಷ.

ಇವತ್ತು ನಮ್ಮ ಮಕ್ಕಳಿಗೆ ಜಪಾನಿನ ಮಾಂಗಾ ಗೊತ್ತು. ಅಮರ ಚಿತ್ರಕಥೆ ಶುರುವಾದದ್ದು ಕನ್ನಡದಲ್ಲಿ ಅನ್ನೋದು ಗೊತ್ತಾ? 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ತಂದ ಮೊದಲ ಹತ್ತು ಪುಸ್ತಕ ಕನ್ನಡದವು. ಭಾಷೆ ನಮ್ಮದು, ಕಥೆ ಮಾತ್ರ ಪರದೇಶದ್ದು!

ಈಗ ಕೈದುಡ್ಡು ಹಾಕಿ ಸ್ವಂತ ಕಾಮಿಕ್ಸ್ ಮಾಡೋ ಯುವಕ ಯುವತಿಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಸ್ಪೈಗೆ ಗನ್ ಬೇಡ, ಟಿಫಿನ್ ಬಾಕ್ಸ್ ಕೊಡಿ. ಅರೇಹಳ್ಳಿಯಲ್ಲಿ ಕೆಂಪು ಬಸ್ ಹತ್ತಿಸಿ. ಕನ್ನಡದಲ್ಲೇ ಮಾತಾಡಿಸಿ. ಅಚ್ಚಾದ ಮೇಲೆ ನನಗೆ ಗೌರವ ಪ್ರತಿ ಮಾತ್ರ ಕಳಿಸಬೇಡಿ. ದುಡ್ಡು ಕೊಟ್ಟೇ ತಗೊಳ್ತೀನಿ.